ರೂಲ್ಸ್ ಮುರಿದ ಮೇಲೆ ಏನು?

ಆನ್‌ಲೈನ್ ಚರ್ಚಾ ಗುಂಪುಗಳ ರೂಲ್ಸ್ ಪಟ್ಟಿಗಳನ್ನು ಒಂದರ ಪಕ್ಕ ಒಂದಿಟ್ಟು ಓದಿ ನೋಡಿ. ಎಲ್ಲ ಕಡೆಯೂ ಹೆಚ್ಚುಕಡಿಮೆ ಅವೇ ಸಾಲುಗಳು. ಎಲ್ಲರಿಗೂ ಗೌರವ ಕೊಡಿ. ಬೈಗುಳ ಬೇಡ. ವಿಷಯ ಬಿಟ್ಟು ಮಾತಾಡಬೇಡಿ. ಜಾಹೀರಾತು ಹಾಕಬೇಡಿ. ಕೊನೆಗೆ, ಅಡ್ಮಿನ್ ತೀರ್ಮಾನವೇ ಅಂತಿಮ. ಇದನ್ನು ಓದಿ ‘ನಾನು ಒಪ್ಪುವುದಿಲ್ಲ’ ಅನ್ನುವವರು ಯಾರೂ ಸಿಗುವುದಿಲ್ಲ. ಮುಂದೆ ಗುಂಪನ್ನೇ ರಣರಂಗ ಮಾಡುವವರೂ ‘ಒಪ್ಪಿಗೆ’ ಅಂತ ಒತ್ತಿಯೇ ಒಳಗೆ ಬಂದಿರುತ್ತಾರೆ.

ಪಟ್ಟಿ ತಪ್ಪು ಅಂತಲ್ಲ. ಅದು ಅರ್ಧಕ್ಕೇ ನಿಂತುಬಿಟ್ಟಿದೆ. ಏನು ಮಾಡಬಾರದು ಅನ್ನುವುದು ಅದರಲ್ಲಿದೆ. ಮಾಡಿದರೆ ಏನಾಗುತ್ತದೆ, ಯಾರು ನೋಡುತ್ತಾರೆ, ನೋಡುವವರೇ ತಪ್ಪಿದರೆ ಯಾರ ಹತ್ತಿರ ಹೋಗಬೇಕು ಅನ್ನುವುದು ಇಲ್ಲ. ಗುಂಪು ಉಳಿಯುವುದೂ ಒಡೆಯುವುದೂ ಈ ಬರೆಯದೇ ಬಿಟ್ಟ ಅರ್ಧದಿಂದ. ಇದಕ್ಕೆ ಇಂಟರ್ನೆಟ್ಟಿನ ಬಾಲ್ಯದಲ್ಲೇ ಒಂದು ಉದಾಹರಣೆ ಇದೆ.

1990ರಲ್ಲಿ, ಝೆರಾಕ್ಸ್ ಕಂಪನಿಯ ಪಾಲೋ ಆಲ್ಟೋ ಸಂಶೋಧನಾ ಕೇಂದ್ರದಲ್ಲಿದ್ದ ಪಾವೆಲ್ ಕರ್ಟಿಸ್ ‘ಲ್ಯಾಂಬ್ಡಾಮೂ’ ಅನ್ನುವ ಆನ್‌ಲೈನ್ ಲೋಕವೊಂದನ್ನು ಶುರು ಮಾಡಿದರು. ಚಿತ್ರ ಇಲ್ಲ, ದನಿ ಇಲ್ಲ, ಬರೀ ಅಕ್ಷರ. ಬಂದವರು ಒಂದೊಂದು ಪಾತ್ರವಾಗಿ ಅಲ್ಲಿ ಓಡಾಡುತ್ತಿದ್ದರು, ಹರಟುತ್ತಿದ್ದರು, ತಮ್ಮದೇ ಕೋಣೆ ಕಟ್ಟಿಕೊಳ್ಳುತ್ತಿದ್ದರು. ಅಡ್ಮಿನ್‌ಗಳಿಗೆ ಅಲ್ಲಿ ‘ವಿಝರ್ಡ್’ ಅಂತ ಹೆಸರು. ಜನ ಜಾಸ್ತಿಯಾದಂತೆ ಜಗಳವೂ ಜಾಸ್ತಿಯಾಯಿತು. ಪಂಚಾಯ್ತಿ ಮಾಡಿ ಮಾಡಿ ವಿಝರ್ಡ್‌ಗಳಿಗೆ ಸಾಕಾಗಿ ಹೋಯಿತು. 1992ರ ಡಿಸೆಂಬರ್‌ನಲ್ಲಿ ಕರ್ಟಿಸ್ ಒಂದು ಪ್ರಕಟಣೆ ಹಾಕಿದರು. ಇನ್ನು ಮೇಲೆ ನಾವು ಯಂತ್ರ ಕೆಟ್ಟರೆ ಮಾತ್ರ ರಿಪೇರಿ ಮಾಡುತ್ತೇವೆ, ನಿಮ್ಮ ನಿಮ್ಮ ನಡುವಿನ ವಿಷಯ ನೀವೇ ನೋಡಿಕೊಳ್ಳಿ ಅಂತ ಅದರ ಸಾರ.

ಕೆಲವೇ ತಿಂಗಳಲ್ಲಿ, 1993ರ ಮಾರ್ಚ್‌ನಲ್ಲಿ, ಅಲ್ಲಿನ ಸದಸ್ಯನೊಬ್ಬ ಒಂದು ಸಣ್ಣ ಪ್ರೋಗ್ರಾಂ ಬಳಸಿದ. ಬೇರೆಯವರ ಪಾತ್ರಗಳು ತಾವೇ ಅಶ್ಲೀಲ ಕೃತ್ಯ ಮಾಡುತ್ತಿರುವಂತೆ ಎಲ್ಲರ ಪರದೆಯ ಮೇಲೆ ಸಾಲುಗಳು ಮೂಡಿದವು. ನೊಂದವರು ನ್ಯಾಯ ಕೇಳಿದರು. ಅದು ತಪ್ಪು ಅನ್ನುವುದರಲ್ಲಿ ಹೆಚ್ಚಿನವರಿಗೆ ಅನುಮಾನ ಇರಲಿಲ್ಲ. ಆದರೆ ಮುಂದೇನು? ತೀರ್ಪು ಕೊಡುವವರು ಯಾರು? ಶಿಕ್ಷೆ ಎಂಥದ್ದು? ಜನ ಸಭೆ ಸೇರಿ ಗಂಟೆಗಟ್ಟಲೆ ವಾದ ಮಾಡಿದರು, ಏನೂ ತೀರ್ಮಾನ ಆಗಲಿಲ್ಲ. ಸಭೆ ಮುಗಿದ ಮೇಲೆ ಒಬ್ಬ ವಿಝರ್ಡ್ ಯಾರನ್ನೂ ಕೇಳದೆ ಆ ಖಾತೆಯನ್ನೇ ಅಳಿಸಿ ಹಾಕಿದ. ಆ ಸದಸ್ಯ ಮುಂದೆ ಬೇರೆ ಹೆಸರಲ್ಲಿ ವಾಪಸ್ ಬಂದ.

ಆಮೇಲೆ ಕರ್ಟಿಸ್ ಅಲ್ಲಿ ಅರ್ಜಿ, ಸಹಿ, ಮತದಾನದ ವ್ಯವಸ್ಥೆ ತಂದರು. ಸದಸ್ಯರ ಜಗಳ ಬಿಡಿಸಲು ಮಧ್ಯಸ್ಥರೂ ಬಂದರು. ಅದೂ ಹಗುರಾಗಿ ನಡೆಯಲಿಲ್ಲ. 1996ರಲ್ಲಿ ವಿಝರ್ಡ್‌ಗಳು ಮತ್ತೆ ಪ್ರಕಟಣೆ ಹಾಕಿ, ಸಾಮಾಜಿಕ ವಿಷಯಗಳಿಂದ ದೂರ ಇರುವುದು ಆಗದ ಮಾತು ಅಂತ ಒಪ್ಪಿಕೊಂಡರು. ಡಿಲೀಟ್ ಬಟನ್ ಯಾರ ಕೈಯಲ್ಲಿದೆಯೋ ಅವರು ಸುಮ್ನೆ ಇದ್ದರೂ ಅದು ಒಂದು ತೀರ್ಮಾನವೇ ತಾನೇ.

‘ನಾವೆಲ್ಲ ದೊಡ್ಡವರು, ನಮಗೆ ರೂಲ್ಸ್ ಯಾಕೆ’ ಅನ್ನುವವರು ಇವತ್ತಿಗೂ ಸಿಗುತ್ತಾರೆ. ಆಳುವವರಿಲ್ಲದ ಜಾಗ ಖಾಲಿ ಉಳಿಯುವುದಿಲ್ಲ. ಜೋರು ದನಿಯವರು, ಬೇರೆ ಕೆಲಸ ಇಲ್ಲದವರು ಅದನ್ನು ತುಂಬುತ್ತಾರೆ. ಬರೆದ ನಿಯಮ ಇಲ್ಲದ ಗುಂಪಿನಲ್ಲೂ ನಿಯಮ ಇರುತ್ತದೆ. ಅದು ಹಳಬರಿಗೆ ಗೊತ್ತಿರುತ್ತದೆ, ಹೊಸಬರಿಗೆ ಗೊತ್ತಿರುವುದಿಲ್ಲ, ಅಷ್ಟೇ ವ್ಯತ್ಯಾಸ.

ಕೆಲವರ ವಾದ ಇನ್ನೂ ಸರಳ. ಗುಂಪು ಕೆಡುವುದು ನಾಲ್ಕು ಜನ ಕಿಡಿಗೇಡಿಗಳಿಂದ, ಅವರನ್ನು ಬ್ಲಾಕ್ ಮಾಡಿದರೆ ಮುಗಿಯಿತು ಅಂತ. ಇದು ಪೂರ್ತಿ ನಿಜವಲ್ಲ. ಸ್ಟ್ಯಾನ್‌ಫರ್ಡ್ ಮತ್ತು ಕಾರ್ನೆಲ್ ವಿಶ್ವವಿದ್ಯಾಲಯಗಳ ಸಂಶೋಧಕರು 2017ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಕೆಲವರಿಗೆ ಮೊದಲು ಸುಲಭದ ಪ್ರಶ್ನೆಪತ್ರಿಕೆ, ಕೆಲವರಿಗೆ ತಲೆಕೆಡುವಷ್ಟು ಕಷ್ಟದ್ದು. ಆಮೇಲೆ ಎಲ್ಲರನ್ನೂ ಒಂದು ಚರ್ಚೆಗೆ ಬಿಟ್ಟರು. ಕೆಲವರು ಕಂಡ ಚರ್ಚೆ ಸಭ್ಯವಾಗಿತ್ತು, ಕೆಲವರದ್ದು ಆಗಲೇ ಹದಗೆಟ್ಟಿತ್ತು. ಮನಸ್ಸೂ ನೆಟ್ಟಗಿದ್ದು ಚರ್ಚೆಯೂ ಚೆನ್ನಾಗಿದ್ದ ಗುಂಪಿನಲ್ಲಿ ಟ್ರೋಲ್ ಥರದ ಪೋಸ್ಟ್‌ಗಳು ಶೇ 35. ಎರಡೂ ಕೆಟ್ಟಿದ್ದ ಗುಂಪಿನಲ್ಲಿ ಶೇ 68. ಇವರೆಲ್ಲ ಸಾಮಾನ್ಯ ಜನ. ತಲೆ ಬಿಸಿಯಾಗಿದ್ದಾಗ ಕೆಟ್ಟ ಮಾತೊಂದು ಕಣ್ಣಿಗೆ ಬಿದ್ದರೆ ಸಾಕು, ಯಾರ ನಾಲಿಗೆಯಾದರೂ ಜಾರುತ್ತದೆ.

ಇದರಿಂದ ಎರಡು ಮಾತು ಹೊರಡುತ್ತವೆ. ಒಂದು, ಮೊದಲ ಕೆಟ್ಟ ಪೋಸ್ಟನ್ನು ಎಷ್ಟು ಬೇಗ ತೆಗೆಯುತ್ತೀರಿ ಅನ್ನುವುದು ಬಹಳ ಮುಖ್ಯ. ಇನ್ನೊಂದು, ರೂಲ್ಸ್ ಮುರಿದವರೆಲ್ಲ ದುಷ್ಟರಲ್ಲ. ನಾಳೆ ಸರಿಯಾಗಿ ಮಾತಾಡಬಲ್ಲವರನ್ನೂ ಇವತ್ತೇ ಹೊರಗೆ ಹಾಕಿದರೆ ಕೊನೆಗೆ ಗುಂಪಿನಲ್ಲಿ ಯಾರೂ ಉಳಿಯುವುದಿಲ್ಲ.

ರೂಲ್ಸನ್ನು ಎಲ್ಲಿ ಇಡುತ್ತೀರಿ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ನೇಥನ್ ಮಟಾಯಸ್ ಅನ್ನುವ ಸಂಶೋಧಕರು 2016ರಲ್ಲಿ ರೆಡ್ಡಿಟ್ ಅನ್ನುವ ಚರ್ಚಾ ತಾಣದ ವಿಜ್ಞಾನ ಗುಂಪನ್ನು ನೋಡಿಕೊಳ್ಳುವ ಮಾಡರೇಟರ್‌ಗಳ ಜೊತೆ ಸೇರಿ ಒಂದು ಪರೀಕ್ಷೆ ಮಾಡಿದರು. ಒಟ್ಟು 2,190 ಚರ್ಚೆಗಳು. ಕೆಲವದರ ತಲೆಯ ಮೇಲೆ ಗುಂಪಿನ ನಿಯಮಗಳನ್ನು ಅಂಟಿಸಿದರು, ಕೆಲವದಕ್ಕೆ ಏನೂ ಹಾಕಲಿಲ್ಲ. ನಿಯಮ ಕಣ್ಣೆದುರು ಇದ್ದ ಕಡೆ, ಹೊಸಬರ ಮೊದಲ ಮಾತು ನಿಯಮಕ್ಕೆ ತಕ್ಕಂತೆ ಇರುವ ಸಾಧ್ಯತೆ ಶೇಕಡಾ 8 ಅಂಶಗಳಿಗಿಂತ ಸ್ವಲ್ಪ ಜಾಸ್ತಿ ಏರಿತು. ಇದು ಊಹಿಸಬಹುದಾದದ್ದೇ. ಅಚ್ಚರಿ ಬೇರೆ ಇತ್ತು. ಅಂಥ ಚರ್ಚೆಗಳಲ್ಲಿ ಮಾತಾಡಿದ ಹೊಸಬರ ಸಂಖ್ಯೆ ಸರಾಸರಿ ಶೇ 70ರಷ್ಟು ಹೆಚ್ಚಾಯಿತು. ರೂಲ್ಸ್ ಹಾಕಿದರೆ ಜನ ಹೆದರಿ ಓಡುತ್ತಾರೆ ಅನ್ನುವ ಮಾತು ಇಲ್ಲಿ ತಲೆಕೆಳಗಾಯಿತು. ಇಲ್ಲಿ ಹೇಗೆ ಮಾತಾಡಬೇಕು ಅಂತ ಗೊತ್ತಾದರೆ ಸಂಕೋಚದವರೂ ಬಾಯಿ ಬಿಡುತ್ತಾರೆ.

ಇನ್ನು ಬರೆಯುವ ಮಾತಿಗೆ ಬರೋಣ. ‘ಗೌರವ ಕೊಡಿ’ ಅನ್ನುವ ಸಾಲು, ನನ್ನ ಪ್ರಕಾರ, ಯಾವ ಕೆಲಸಕ್ಕೂ ಬರುವುದಿಲ್ಲ. ಕೆಲವೊಮ್ಮೆ ಕೇಡನ್ನೂ ಮಾಡುತ್ತದೆ. ಹೊಸಬರೊಬ್ಬರು ಒಂದು ಪ್ರಶ್ನೆ ಹಾಕಿದರು ಅಂದುಕೊಳ್ಳಿ. ಹಳಬರೊಬ್ಬರು ಬಂದು ‘ಇದು ತೀರಾ ಬೇಸಿಕ್, ಸ್ವಲ್ಪ ಹುಡುಕಿದ್ದರೆ ಸಿಗುತ್ತಿತ್ತು’ ಅನ್ನುತ್ತಾರೆ. ಬೈಗುಳ ಇಲ್ಲ. ಪ್ರಶ್ನೆ ಕೇಳಿದವರು ‘ಹುಡುಕಿದೆ, ಅರ್ಥ ಆಗಲಿಲ್ಲ’ ಅಂದರೆ, ‘ಹಾಗಾದರೆ ನಿಮಗೆ ಇದು ಆಗಿಬರುವ ವಿಷಯವಲ್ಲ ಅನಿಸುತ್ತದೆ, ತಪ್ಪು ತಿಳಿಯಬೇಡಿ’ ಅನ್ನುತ್ತಾರೆ. ಇದರಲ್ಲೂ ಬೈಗುಳ ಇಲ್ಲ, ನಗುಮುಖದ ಇಮೋಜಿ ಬೇರೆ ಇದೆ. ಮೂರನೇ ಸಲ ಪ್ರಶ್ನೆ ಕೇಳಿದವರ ತಾಳ್ಮೆ ಕಟ್ಟೆಯೊಡೆದು ಒಂದು ಕೆಟ್ಟ ಮಾತು ಬರುತ್ತದೆ. ಅಡ್ಮಿನ್ ಕಣ್ಣಿಗೆ ಬೀಳುವುದು ಅದೊಂದೇ. ಕೆಣಕಿದವರು ಗುಂಪಿನಲ್ಲೇ ಇರುತ್ತಾರೆ, ನೊಂದವರು ಹೊರಗೆ ಹೋಗುತ್ತಾರೆ. ಪದ ನೋಡಿ ಶಿಕ್ಷೆ ಕೊಡುವ ರೂಲ್ಸ್ ಯಾವಾಗಲೂ ಸಿಟ್ಟು ಬಂದವರನ್ನು ಹಿಡಿಯುತ್ತವೆ, ಸಿಟ್ಟು ಬರಿಸಿದವರನ್ನು ಬಿಡುತ್ತವೆ.

ಅದಕ್ಕೇ ನಿಯಮದಲ್ಲಿ ಗುಣದ ಹೆಸರು ಇದ್ದರೆ ಸಾಲದು, ನಡೆ ಇರಬೇಕು. ಬಿಡಿ ಪೋಸ್ಟ್ ಅಲ್ಲ, ಇಡೀ ಮಾತುಕತೆ ಓದಿ ತೀರ್ಮಾನ ಮಾಡುತ್ತೇವೆ ಅಂತ ಬರೆಯಬೇಕು. ‘ಹ್ಯಾಕರ್ ನ್ಯೂಸ್’ ಅನ್ನುವ ತಂತ್ರಜ್ಞಾನ ಚರ್ಚೆಯ ತಾಣದ ಮಾರ್ಗಸೂಚಿಯಲ್ಲಿ ಒಂದು ಒಳ್ಳೆಯ ಸಾಲಿದೆ. ಎದುರಿನವರ ಮಾತನ್ನು ಟೀಕಿಸಲು ಸುಲಭವಾಗುವಂತೆ ಓದಬೇಡಿ, ಅದಕ್ಕೆ ಸಿಗಬಹುದಾದ ಗಟ್ಟಿ ಅರ್ಥ ಹಿಡಿದು ಉತ್ತರ ಕೊಡಿ ಅನ್ನುವುದು ಅದರ ಭಾವ. ಇದು ‘ಮಾಡಬೇಡಿ’ ಅಲ್ಲ, ‘ಹೀಗೆ ಮಾಡಿ’. ಅಡ್ಮಿನ್ ಬೆರಳಿಟ್ಟು ತೋರಿಸಬಹುದಾದ ಮಾತು.

ಹಾಗಂತ ಎಲ್ಲವನ್ನೂ ಎಣಿಸಿ ಅಳೆದು ಬರೆದರೆ ಸರಿಹೋಗುತ್ತದೆಯೇ? ವಿಕಿಪೀಡಿಯಾದಲ್ಲಿ ‘ಮೂರು ರಿವರ್ಟ್ ನಿಯಮ’ ಇದೆ. ಒಂದು ಪುಟದಲ್ಲಿ ಬೇರೆಯವರ ಬದಲಾವಣೆಯನ್ನು 24 ಗಂಟೆಯೊಳಗೆ ಮೂರಕ್ಕಿಂತ ಹೆಚ್ಚು ಸಲ ತೆಗೆದು ಹಾಕುವಂತಿಲ್ಲ. ಎಷ್ಟು ಸ್ಪಷ್ಟ! ಆದರೆ ಸ್ಪಷ್ಟ ಗೆರೆ ಎಳೆದ ಕೂಡಲೇ ಗೆರೆಯ ಅಂಚಿನಲ್ಲೇ ನಿಂತು ಆಡುವವರು ಹುಟ್ಟುತ್ತಾರೆ. ಹಾಗಾಗಿ ಆ ನಿಯಮದ ಪುಟದಲ್ಲೇ, ಮೂರು ಸಲ ತೆಗೆಯುವುದು ನಿಮ್ಮ ಹಕ್ಕಲ್ಲ ಅಂತ ಬರೆಯಬೇಕಾಯಿತು. ‘ಎಲ್ಲಿ ಬರೆದಿದೆ ತೋರಿಸಿ’ ಅನ್ನುವ ವಕೀಲಗಿರಿಯವರು ಪ್ರತಿ ಗುಂಪಿನಲ್ಲೂ ಇರುತ್ತಾರೆ. ಎಣಿಸಬಹುದಾದ ಕೆಲವು ನಿಯಮ, ವಿವೇಚನೆಗೆ ಬಿಟ್ಟ ಒಂದು ನಿಯಮ, ಎರಡಕ್ಕೂ ನಿಜವಾದ ಉದಾಹರಣೆಗಳು. ಇದಕ್ಕಿಂತ ಒಳ್ಳೆಯ ಹದ ನನಗೆ ಕಂಡಿಲ್ಲ. ನಿಯಮ ಬರೆಯುವ ಮುಂಚೆ ಗುಂಪಿನಲ್ಲಿ ಈಚೆಗೆ ನಡೆದ ಜಗಳಗಳನ್ನು ತೆಗೆದು, ಈ ಸಾಲು ಅವತ್ತು ಇದ್ದಿದ್ದರೆ ಏನಾಗುತ್ತಿತ್ತು ಅಂತ ಒಂದೊಂದನ್ನೂ ಹಾಯಿಸಿ ನೋಡಬೇಕು. ಯಾವ ಜಗಳಕ್ಕೂ ಉತ್ತರ ಕೊಡದ ಸಾಲನ್ನು ಹೊಡೆದು ಹಾಕಬಹುದು.

ಪಟ್ಟಿ ಉದ್ದ ಆಗುವುದಕ್ಕೂ ಬೆಲೆ ಇದೆ. ಇಂಗ್ಲಿಷ್ ವಿಕಿಪೀಡಿಯಾದಲ್ಲಿ ಸಕ್ರಿಯ ಸಂಪಾದಕರ ಸಂಖ್ಯೆ 2007ರ ತನಕ ಏರಿತು, ಆಮೇಲೆ ಇಳಿಯಿತು. ಯಾಕೆ ಅಂತ ಹುಡುಕಿದ ಸಂಶೋಧಕರು 2013ರಲ್ಲಿ ಕೊಟ್ಟ ಉತ್ತರ ಹೀಗಿತ್ತು: ಕಿಡಿಗೇಡಿಗಳನ್ನು ತಡೆಯಲು ಕಟ್ಟಿದ ನಿಯಮಗಳೂ ಯಂತ್ರಗಳೂ ಒಳ್ಳೆಯ ಮನಸ್ಸಿನಿಂದ ಬಂದ ಹೊಸಬರನ್ನೂ ಬಾಗಿಲಲ್ಲೇ ತಳ್ಳಿದವು, ನಿಯಮ ಬದಲಿಸುವುದು ಹೊಸಬರಿಗೆ ಕಷ್ಟವಾಗುತ್ತಾ ಹೋಯಿತು. ಅದೇ ವಿಕಿಪೀಡಿಯಾದ ಮೊದಮೊದಲ ನಿಯಮಗಳಲ್ಲೊಂದು, ಕೆಲಸ ಸುಧಾರಿಸಲು ನಿಯಮ ಅಡ್ಡ ಬಂದರೆ ನಿಯಮವನ್ನು ಪಕ್ಕಕ್ಕಿಡಿ ಅನ್ನುವುದಾಗಿತ್ತು!

ಈಗ ಬರೆಯದೇ ಬಿಟ್ಟ ಆ ಅರ್ಧಕ್ಕೆ ಬರೋಣ. ಇಲ್ಲಿ ನನಗೆ ಇಂಟರ್ನೆಟ್ಟಿಗಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ನೀರಾವರಿ. ಅರ್ಥಶಾಸ್ತ್ರಕ್ಕೆ 2009ರ ನೊಬೆಲ್ ಪಡೆದವರಲ್ಲಿ ಒಬ್ಬರಾದ ಎಲಿನಾರ್ ಆಸ್ಟ್ರಮ್, ಜನರೇ ಸೇರಿ ನಡೆಸುವ ಕಾಲುವೆ, ಗೋಮಾಳ, ಕಾಡು, ಮೀನುಗಾರಿಕೆಗಳನ್ನು ಜಗತ್ತಿನ ಹಲವು ಕಡೆ ಅಧ್ಯಯನ ಮಾಡಿದವರು. ನೂರಾರು ವರ್ಷ ಉಳಿದ ವ್ಯವಸ್ಥೆಗಳಲ್ಲಿ ಕೆಲವು ಗುಣಗಳು ಮತ್ತೆ ಮತ್ತೆ ಕಂಡವು. ನಿಯಮಕ್ಕೆ ಒಳಪಡುವವರಿಗೇ ನಿಯಮ ಬದಲಿಸುವುದರಲ್ಲಿ ಪಾಲಿತ್ತು. ಕಾವಲುಗಾರರು ಅದೇ ಜನರಿಗೆ ಉತ್ತರ ಕೊಡಬೇಕಿತ್ತು. ಮೊದಲ ತಪ್ಪಿಗೆ ಸಣ್ಣ ದಂಡ, ಮತ್ತೆ ಮಾಡಿದರೆ ದೊಡ್ಡದು. ಜಗಳ ಬಿಡಿಸಲು ಖರ್ಚಿಲ್ಲದ, ಹತ್ತಿರದ ಜಾಗವೊಂದಿತ್ತು.

ಅವರು ನೋಡಿದ್ದರಲ್ಲಿ ಸ್ಪೇನಿನ ವೆಲೆನ್ಸಿಯಾ ಕೂಡ ಒಂದು. ಅಲ್ಲಿನ ನೀರಿನ ನ್ಯಾಯಾಲಯ ಈಗಲೂ ಗುರುವಾರ ಮಧ್ಯಾಹ್ನ ಚರ್ಚಿನ ಬಾಗಿಲ ಮುಂದೆ, ಎಲ್ಲರೆದುರು ಸೇರುತ್ತದೆ. ನ್ಯಾಯಾಧೀಶರು ಕಾಲುವೆಗಳ ರೈತರೇ ಆರಿಸಿದ ರೈತರು. ವಿಚಾರಣೆಯೆಲ್ಲ ಬಾಯಿಮಾತಿನಲ್ಲಿ. ಆರೋಪ ಹೊತ್ತವರು ಯಾವ ಕಾಲುವೆಯವರೋ ಆ ಕಾಲುವೆಯ ಪ್ರತಿನಿಧಿ ತೀರ್ಪಿಗೆ ಕೂರುವುದಿಲ್ಲ. ಆನ್‌ಲೈನ್ ಗುಂಪುಗಳಲ್ಲಿ ಅತಿ ಹೆಚ್ಚು ಮುರಿಯುವ ನಿಯಮ ಇದೇ. ಜಗಳದಲ್ಲಿ ತಾವೇ ಒಂದು ಕಡೆ ನಿಂತ ಅಡ್ಮಿನ್, ಎದುರಾಳಿಯನ್ನು ತಾವೇ ಬ್ಯಾನ್ ಮಾಡುತ್ತಾರೆ. ಬ್ಯಾನ್ ನ್ಯಾಯವಾಗಿಯೇ ಇದ್ದರೂ ಯಾರೂ ನಂಬುವುದಿಲ್ಲ. ಇಬ್ಬರೇ ಅಡ್ಮಿನ್ ಇರುವ ಪುಟ್ಟ ಗುಂಪಿನಲ್ಲೂ ‘ಇದರಲ್ಲಿ ನಾನಿದ್ದೇನೆ, ನೀವು ನೋಡಿ’ ಅನ್ನಬಹುದಲ್ವಾ? ಅದಕ್ಕೆ ಖರ್ಚೇನೂ ಇಲ್ಲ.

ಕಾರಣ ಹೇಳುವುದೂ ಹಾಗೆಯೇ. ಪೋಸ್ಟ್ ಮಾಯವಾಯಿತು, ಯಾಕೆ ಅಂತ ಹೇಳಲಿಲ್ಲ ಅಂದರೆ ಬರೆದವರು ಕಲಿಯುವುದು ಒಂದೇ ಪಾಠ: ಇವರಿಗೆ ನನ್ನನ್ನು ಕಂಡರೆ ಆಗುವುದಿಲ್ಲ. ರೆಡ್ಡಿಟ್‌ನ ಸುಮಾರು 3.2 ಕೋಟಿ ಪೋಸ್ಟ್‌ಗಳನ್ನು ಇಟ್ಟುಕೊಂಡು 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ತೆಗೆದ ಕಾರಣ ತಿಳಿಸಿದಲ್ಲಿ ಮುಂದೆ ಅದೇ ಜನರ ಪೋಸ್ಟ್ ತೆಗೆಯಬೇಕಾಗುವ ಸಾಧ್ಯತೆ ಕಡಿಮೆ ಇರುವುದು ಕಂಡಿತು. ಯುರೋಪಿಯನ್ ಒಕ್ಕೂಟದಲ್ಲಂತೂ ಇದು ಈಗ ಕಾನೂನು. 2024ರ ಫೆಬ್ರವರಿಯಿಂದ ಪೂರ್ತಿಯಾಗಿ ಜಾರಿಗೆ ಬಂದಿರುವ ಡಿಜಿಟಲ್ ಸೇವೆಗಳ ಕಾಯ್ದೆಯ ಪ್ರಕಾರ, ಪೋಸ್ಟ್ ತೆಗೆದರೆ ಅದಕ್ಕೆ ಕಾರಣವನ್ನು ವೇದಿಕೆಗಳು ಬಳಕೆದಾರರಿಗೆ ತಿಳಿಸಬೇಕು.

ಮೆತ್ತಗೆ ಹೋದರೆ ಸಾಕು ಅಂತ ನಾನು ಹೇಳುತ್ತಿಲ್ಲ. ದ್ವೇಷವೇ ಕಸುಬಾಗಿರುವ ಜಾಗಗಳೂ ಇವೆ. 2015ರಲ್ಲಿ ರೆಡ್ಡಿಟ್ ಅಂಥ ಕೆಲವು ಗುಂಪುಗಳನ್ನೇ ಮುಚ್ಚಿತು. ಅವರೆಲ್ಲ ಬೇರೆ ಗುಂಪುಗಳಿಗೆ ನುಗ್ಗಿ ಅಲ್ಲೂ ಹೊಲಸು ಮಾಡುತ್ತಾರೆ ಅಂತ ಹಲವರು ಹೆದರಿದ್ದರು. 2017ರ ಅಧ್ಯಯನವೊಂದು ನೋಡಿದಾಗ ಹಾಗಾಗಿರಲಿಲ್ಲ. ಅನೇಕರು ವೇದಿಕೆಯನ್ನೇ ಬಿಟ್ಟಿದ್ದರು, ಉಳಿದವರ ದ್ವೇಷದ ಮಾತು ಶೇ 80ಕ್ಕೂ ಹೆಚ್ಚು ಇಳಿದಿತ್ತು. ಮೊದಲ ಮೆಟ್ಟಿಲು ಮೆತ್ತಗಿದ್ದರೆ ಕೊನೆಯ ಮೆಟ್ಟಿಲು ಗಟ್ಟಿ ಇರಬಾರದು ಅಂತೇನಿಲ್ಲ. ನಡುವಿನ ಮೆಟ್ಟಿಲು ಇರಬೇಕು, ಅಷ್ಟೇ. ಖಾಸಗಿಯಾಗಿ ಒಂದು ಮಾತು, ಆಮೇಲೆ ಎಚ್ಚರಿಕೆ, ಆಮೇಲೆ ಕೆಲವು ದಿನ ಮ್ಯೂಟ್, ಆಮೇಲೆ ಹೊರಗೆ. ಬೆದರಿಕೆ ಹಾಕಿದವರಿಗೆ, ಬೇರೆಯವರ ಖಾಸಗಿ ವಿವರ ಬಯಲು ಮಾಡಿದವರಿಗೆ ಮಾತ್ರ ನೇರ ಕೊನೆಯ ಮೆಟ್ಟಿಲು.

ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ದೊಡ್ಡವರದ್ದು. ಗುಂಪಿಗೆ ಬಹಳ ದುಡಿದವರು, ಎಲ್ಲರಿಗಿಂತ ಜಾಸ್ತಿ ಗೊತ್ತಿರುವವರು, ಆದರೆ ಬಾಯಿ ಕೆಟ್ಟದ್ದು. ಇವರನ್ನು ಏನು ಮಾಡುವುದು? ಲಿನಕ್ಸ್ ಅನ್ನುವ ಕಂಪ್ಯೂಟರ್ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ‘ಕರ್ನೆಲ್’ ಬರೆಯುವ ತಂಡಕ್ಕೆ ಈ ತಲೆನೋವು ಚೆನ್ನಾಗಿ ಗೊತ್ತು. ಅದನ್ನು ಶುರು ಮಾಡಿದ ಲಿನಸ್ ಟೊರ್ವಾಲ್ಡ್ಸ್ ಅವರ ಖಾರದ ಇಮೇಲ್‌ಗಳು ಲೋಕಪ್ರಸಿದ್ಧ. 2018ರ ಸೆಪ್ಟೆಂಬರ್‌ನಲ್ಲಿ ಅವರೇ ಕ್ಷಮೆ ಕೇಳಿ ಸ್ವಲ್ಪ ಕಾಲ ಬಿಡುವು ತೆಗೆದುಕೊಂಡರು, ತಂಡ ಹೊಸ ನಡವಳಿಕೆ ಸಂಹಿತೆ ತಂದಿತು. 2024ರ ನವೆಂಬರ್‌ನಲ್ಲಿ ಅದೇ ಸಂಹಿತೆಯಡಿ ಒಬ್ಬ ಪ್ರಮುಖ ಡೆವಲಪರ್ ಕಳಿಸುವ ಕೋಡನ್ನು ಒಂದು ಹೊಸ ಆವೃತ್ತಿಯ ಮಟ್ಟಿಗೆ ತಡೆಹಿಡಿದರು. ತಪ್ಪು ಕೋಡಿನಲ್ಲಿ ಇರಲಿಲ್ಲ, ಇನ್ನೊಬ್ಬ ಡೆವಲಪರ್‌ಗೆ ಬರೆದ ಮಾತಿನಲ್ಲಿತ್ತು. ತಡೆ ಎಷ್ಟು ದಿನ ಅನ್ನುವುದು ಮೊದಲೇ ಗೊತ್ತಿತ್ತು, ಕಾರಣವೂ ಗೊತ್ತಿತ್ತು. ನನಗೆ ಇದು ಸರಿಯಾದ ಅಳತೆ ಅನಿಸುತ್ತದೆ. ಪ್ರತಿಭಾವಂತರೊಬ್ಬರನ್ನು ಉಳಿಸಿಕೊಳ್ಳಲು ಸುಮ್ಮನಿದ್ದರೆ, ಅವರ ಮಾತಿಗೆ ನೊಂದು ಸದ್ದಿಲ್ಲದೆ ಹೊರಟುಹೋದವರ ಲೆಕ್ಕ ಯಾರೂ ಇಡುವುದಿಲ್ಲ.

ನಿಯಮ ಮೇಲಿನವರನ್ನು ಮುಟ್ಟದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ರಸ್ಟ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ಸಮುದಾಯ ಉದಾಹರಣೆ. ಪ್ರೋಗ್ರಾಮಿಂಗ್ ಲೋಕದಲ್ಲಿ ಒಳ್ಳೆಯ ನಡವಳಿಕೆ ಸಂಹಿತೆಗೆ ಹೆಸರಾಗಿದ್ದ ಗುಂಪು ಅದು. 2021ರ ನವೆಂಬರ್‌ನಲ್ಲಿ ಅದರ ಮಾಡರೇಷನ್ ತಂಡ ಒಟ್ಟಾಗಿ ರಾಜೀನಾಮೆ ಕೊಟ್ಟಿತು. ಮೇಲಿನ ‘ಕೋರ್’ ತಂಡ ಯಾರಿಗೂ ಉತ್ತರ ಕೊಡಬೇಕಿಲ್ಲದ ಜಾಗದಲ್ಲಿ ಕೂತಿದೆ ಅನ್ನುವುದು ಅವರ ದೂರು. ಆಮೇಲೆ ಆಡಳಿತವನ್ನೇ ಹೊಸದಾಗಿ ಕಟ್ಟಬೇಕಾಯಿತು, 2023ರಲ್ಲಿ ಹೊಸ ಮಂಡಳಿ ಬಂತು. ಇಷ್ಟೆಲ್ಲ ಆದರೂ ‘ಅಡ್ಮಿನ್ ತೀರ್ಮಾನವೇ ಅಂತಿಮ’ ಅಂತ ಬರೆಯುವುದು ಮಾತ್ರ ನಿಂತಿಲ್ಲ. ಅಂತಿಮ ಆಗಲಿ. ಆದರೆ ಯಾವ ಅಡ್ಮಿನ್, ಯಾವ ಹಂತದಲ್ಲಿ, ಇನ್ನೊಬ್ಬರು ಒಮ್ಮೆ ನೋಡಿದ ಮೇಲೋ ಮುಂಚೆಯೋ? ಅದನ್ನು ಬರೆಯದಿದ್ದರೆ ಆ ಸಾಲು ನಿಯಮವೇ ಅಲ್ಲ.

ಈಗ ಎಲ್ಲರ ಮುಂದಿರುವ ಹೊಸ ತಲೆನೋವು ಎಐ ಬರೆದ ಮಾತು. ಇಲ್ಲಿ ನಿಯಮ ಬರೆಯುವುದು ಸುಲಭ, ಹಿಡಿಯುವುದು ಕಷ್ಟ. 2025ರ ಏಪ್ರಿಲ್‌ನಲ್ಲಿ ರೆಡ್ಡಿಟ್‌ನ ಒಂದು ದೊಡ್ಡ ಚರ್ಚಾ ಗುಂಪಿನ ಮಾಡರೇಟರ್‌ಗಳು ಒಂದು ಸುದ್ದಿ ಹೊರಗಿಟ್ಟರು. ಝೂರಿಕ್ ವಿಶ್ವವಿದ್ಯಾಲಯದ ಸಂಶೋಧಕರು ಯಾರಿಗೂ ತಿಳಿಸದೆ ತಿಂಗಳುಗಟ್ಟಲೆ ಎಐ ಖಾತೆಗಳನ್ನು ಅಲ್ಲಿ ಓಡಿಸಿದ್ದರು. ಸಾವಿರಕ್ಕೂ ಹೆಚ್ಚು ಪೋಸ್ಟ್‌ಗಳು. ಕೆಲವು ಖಾತೆಗಳು ಅತ್ಯಾಚಾರಕ್ಕೆ ಒಳಗಾದವರಂತೆ, ಆಪ್ತಸಮಾಲೋಚಕರಂತೆ ಮಾತಾಡಿದ್ದವು. ಹೇಳದೆ ಎಐ ಬಳಸಬಾರದು ಅನ್ನುವ ನಿಯಮ ಆ ಗುಂಪಿನಲ್ಲಿ ಆಗಲೇ ಇತ್ತು. ಆದರೂ ಮಾಡರೇಟರ್‌ಗಳಿಗೆ ವಿಷಯ ತಿಳಿದದ್ದು ಸಂಶೋಧಕರು ತಾವಾಗಿ ಹೇಳಿದಾಗ.

ಇನ್ನೊಂದು ತುದಿಯ ಅಪಾಯವೂ ಇದೆ. ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ತಾಣ ಸ್ಟ್ಯಾಕ್ ಓವರ್‌ಫ್ಲೋ 2022ರ ಡಿಸೆಂಬರ್‌ನಲ್ಲಿ ಚಾಟ್‌ಜಿಪಿಟಿ ಉತ್ತರಗಳನ್ನು ನಿಷೇಧಿಸಿತು. ಮಾಡರೇಟರ್‌ಗಳು ಅನುಮಾನ ಬಂದದ್ದನ್ನು ತೆಗೆಯತೊಡಗಿದರು. ಕೆಲವು ತಿಂಗಳಲ್ಲಿ ಕಂಪನಿಯೇ ಅಡ್ಡ ಬಂತು. ಪತ್ತೆ ಹಚ್ಚುವ ರೀತಿ ನಂಬುವಂಥದ್ದಲ್ಲ, ತಪ್ಪಿಲ್ಲದವರೂ ಹೊರಗೆ ಹೋಗುತ್ತಿದ್ದಾರೆ ಅನ್ನುವುದು ಕಂಪನಿಯ ವಾದ. ನಮ್ಮನ್ನು ಕೇಳದೆ ನಮ್ಮ ಕೈ ಕಟ್ಟಿದಿರಿ ಅಂತ ಸಂಬಳವಿಲ್ಲದೆ ದುಡಿಯುವ ಮಾಡರೇಟರ್‌ಗಳು 2023ರ ಜೂನ್‌ನಲ್ಲಿ ಮುಷ್ಕರ ಹೂಡಿದರು. ಅದು ಮುಗಿದದ್ದು ಆಗಸ್ಟ್‌ನಲ್ಲಿ, ಯಾವ ಲಕ್ಷಣ ಕಂಡರೆ ತೆಗೆಯಬಹುದು ಅಂತ ಇಬ್ಬರೂ ಕೂತು ಮಾತಾಡಿದ ಮೇಲೆ.

ಬರೆದವರು ಯಾರು ಅಂತ ಸಾಬೀತು ಮಾಡಲು ಹೋದರೆ ಸಣ್ಣ ಗುಂಪಿನ ಅಡ್ಮಿನ್ ಸೋಲುವುದು ಖಂಡಿತ. ಬರೆದದ್ದು ಹೇಗಿದೆ ಅಂತ ಕೇಳಬಹುದು. ತಪ್ಪು ಮಾಹಿತಿ ಇದೆಯೇ, ಮರುಪ್ರಶ್ನೆಗೆ ಉತ್ತರ ಬರುತ್ತದೆಯೇ, ಒಂದೇ ಖಾತೆಯಿಂದ ನಿಮಿಷಕ್ಕೊಂದು ಉದ್ದ ಪೋಸ್ಟ್ ಬೀಳುತ್ತಿದೆಯೇ. ಇವನ್ನು ನೋಡಲು ಯಂತ್ರ ಬೇಕಿಲ್ಲ. ಅನುಮಾನ ಬಂದರೆ ಪೋಸ್ಟನ್ನು ತಡೆಹಿಡಿದು ಬರೆದವರನ್ನೇ ಮೊದಲು ಕೇಳುತ್ತೇವೆ, ಉತ್ತರ ಬಂದ ಮೇಲೆ ಬೇರೆ ಅಡ್ಮಿನ್ ನೋಡುತ್ತಾರೆ ಅನ್ನುವ ಎರಡು ಸಾಲನ್ನು ಇವತ್ತೇ ಸೇರಿಸಬಹುದು.